ಕರ್ಸರ್ ಮೀಮಾಂಸೆ, ಅಥವಾ ಪೆಟ್ಟಿಗೆ ಹೊಕ್ಕವರ ವಿಧಿನಿಷೇಧಗಳು

ನಮ್ಮಲ್ಲಿ ಕಾವ್ಯಕ್ಕೆ ಟೀಕೆಯಿದೆ, ಟೀಕೆಗೆ ಟಿಪ್ಪಣಿಯಿದೆ, ಟಿಪ್ಪಣಿಯ ಮೇಲೆ ಪಿಎಚ್.ಡಿ. ಇದೆ. ಆದರೆ ಕಂಪ್ಯೂಟರಿನಲ್ಲಿ ಅಕ್ಷರ ತುಂಬುವ ಪೆಟ್ಟಿಗೆಯೊಳಗೆ ಮಿಣುಕುತ್ತ ನಿಂತಿರುವ ಕಡ್ಡಿಗೆ ಒಬ್ಬ ಭಾಷ್ಯಕಾರನೂ ಹುಟ್ಟಲಿಲ್ಲ. ವಿಂಡೋಸ್‌ನಲ್ಲಿ ಅದು 530 ಮಿಲಿಸೆಕೆಂಡಿಗೊಮ್ಮೆ ‘ಇದ್ದೇನೆ’, ‘ಇಲ್ಲ’ ಎನ್ನುತ್ತಲೇ ಇದೆ. ಇಷ್ಟು ಸ್ಪಷ್ಟವಾದ ದಾರ್ಶನಿಕ ನಿಲುವನ್ನು ವಿದ್ವತ್ಲೋಕ ಕಡೆಗಣಿಸಿದ್ದು ಹೇಗೋ ತಿಳಿಯದು. ಆ ಕೊರತೆ ನೀಗಲೆಂದೇ ಈ ಪ್ರಯತ್ನ.

ಸೂತ್ರ 1: ಫೋಕಸ್ ಒಂದೇ.

ವೃತ್ತಿ: ತೆರೆಯ ಮೇಲೆ ಪೆಟ್ಟಿಗೆಗಳು ಎಷ್ಟೇ ಇರಲಿ, ಕೀಲಿಮಣೆಯ ಮಾತು ಒಂದು ಹೊತ್ತಿಗೆ ಒಂದಕ್ಕೇ ಕೇಳಿಸುತ್ತದೆ. ಟ್ಯಾಬ್ ಒತ್ತಿದರೆ ಫೋಕಸ್ ಮುಂದಕ್ಕೆ, ಶಿಫ್ಟ್ ಹಿಡಿದು ಒತ್ತಿದರೆ ಹಿಂದಕ್ಕೆ. ಇದು ಸರ್ವಸಮ್ಮತವಾದ್ದರಿಂದ ಪಂಡಿತರಿಗೆ ಇದರಲ್ಲಿ ರುಚಿಯಿಲ್ಲ. ಮುಂದೆ ಹೋಗೋಣ.

ಸೂತ್ರ 2: ಹೊಕ್ಕಮೇಲೆ ಹಳೆಯ ಅಕ್ಷರಗಳ ಗತಿಯೇನು?

ವೃತ್ತಿ: ಇಲ್ಲಿಂದ ಜಗಳ ಶುರು. ಪೆಟ್ಟಿಗೆಯಲ್ಲಿ ಮೊದಲೇ ಏನೋ ಬರೆದಿದೆ. ಹೊಕ್ಕ ಕೂಡಲೇ ಅದೆಲ್ಲ ನೀಲಿಯಾಗಬೇಕು ಎನ್ನುವವರು ಸರ್ವಗ್ರಾಹಿಗಳು. ಬೆರಳು ತೋರಿಸಿದ ಜಾಗದಲ್ಲಿ ಕಡ್ಡಿ ನಿಂತರೆ ಸಾಕು ಎನ್ನುವವರು ಬಿಂದುವಾದಿಗಳು. ನೀಲಿಯಾದದ್ದರ ಮೇಲೆ ಯಾವ ಅಕ್ಷರದ ಕೀಲಿ ಒತ್ತಿದರೂ ಹಳೆಯದು ನಿರ್ನಾಮವಾಗುತ್ತದೆ ಎಂಬುದನ್ನು ಉಭಯ ಪಕ್ಷದವರೂ ಒಪ್ಪುತ್ತಾರೆ.

ಸರ್ವಗ್ರಾಹಿಗಳ ದೃಷ್ಟಾಂತ: ‘ಮೊತ್ತ’ ಎಂಬ ಪೆಟ್ಟಿಗೆಯಲ್ಲಿ 0.00 ಎಂದಿದೆ. ಕಡ್ಡಿ ಅದರ ಮೊದಲಲ್ಲಿ ನಿಂತಿದೆ. ಗುಮಾಸ್ತೆ ರಸೀದಿ ನೋಡುತ್ತಲೇ 500 ಎಂದು ಒತ್ತುತ್ತಾಳೆ. ಪೆಟ್ಟಿಗೆಯಲ್ಲಿ ಈಗ 5000.00. ಎಲ್ಲ ನೀಲಿಯಾಗಿದ್ದರೆ ಈ ಹತ್ತುಪಟ್ಟಿನ ಔದಾರ್ಯ ಆಗುತ್ತಿರಲಿಲ್ಲ.

ಬಿಂದುವಾದಿಗಳ ಪ್ರತಿದೃಷ್ಟಾಂತ: ‘ವಿಳಾಸ’ದಲ್ಲಿ ಮನೆ ನಂಬರು, ಅಡ್ಡರಸ್ತೆ, ಬಡಾವಣೆ, ಪಿನ್‌ಕೋಡ್ ಎಲ್ಲ ಇದೆ. 1 ಇದ್ದಲ್ಲಿ 7 ಆಗಬೇಕು, ಅಷ್ಟೇ. ಎಲ್ಲ ನೀಲಿಯಾಗಿದ್ದರೆ 7 ಒತ್ತಿದ ಕ್ಷಣದಲ್ಲಿ ಗಿರಾಕಿಯ ವಿಳಾಸವೆಂದರೆ ಬರಿಯ 7.

ಇಂಥ ಪ್ರಳಯಕ್ಕೆ ಪುರಾಣಾಧಾರವೂ ಉಂಟು. 1974ರ ಸುಮಾರಿಗೆ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೋನಿ ‘ಬ್ರಾವೋ’ ಎಂಬ ಬರವಣಿಗೆಯ ತಂತ್ರಾಂಶ ಕಟ್ಟಿದರು. ಅದರಲ್ಲಿ ಒಂದೊಂದು ಅಕ್ಷರವೂ ಒಂದೊಂದು ಆಜ್ಞೆ. ಮೈಮರೆತು ‘ಎಡಿಟ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ‘ಇ’ ಎಲ್ಲವನ್ನೂ ಆರಿಸುತ್ತಿತ್ತು, ‘ಡಿ’ ಅಳಿಸುತ್ತಿತ್ತು, ‘ಐ’ ಸೇರಿಸಲು ಅಣಿಯಾಗುತ್ತಿತ್ತು, ಉಳಿದ ‘ಟಿ’ ಇಡೀ ಕೃತಿಯ ಜಾಗದಲ್ಲಿ ಒಂಟಿಯಾಗಿ ನಿಲ್ಲುತ್ತಿತ್ತು. ಒಂದೇ ಕೀಲಿ ಒಮ್ಮೆ ಅಕ್ಷರ, ಒಮ್ಮೆ ಆಜ್ಞೆಯಾಗುವ ಇಂಥ ಸ್ಥಿತಿಗಳಿಗೆ ‘ಮೋಡ್’ ಎಂದು ಹೆಸರು; ಅಲ್ಲೇ ಇದ್ದ ಲ್ಯಾರಿ ಟೆಸ್ಲರ್ ಈ ಮೋಡ್‌ಗಳ ಕಡುವೈರಿ. ಟಿಮ್ ಮಾಟ್ ಜೊತೆಗೂಡಿ ‘ಜಿಪ್ಸಿ’ ಎಂಬ ತಂತ್ರಾಂಶ ಕಟ್ಟಿದ, ಕಟ್-ಕಾಪಿ-ಪೇಸ್ಟ್ ಕೊಟ್ಟ, ಕೊನೆಗೆ ತನ್ನ ಕಾರಿನ ನಂಬರ್ ಪ್ಲೇಟಿನ ಮೇಲೂ ‘ನೋ ಮೋಡ್ಸ್’ ಎಂದೇ ಬರೆಸಿಕೊಂಡ. ಮತಪ್ರಚಾರಕ್ಕೆ ನಂಬರ್ ಪ್ಲೇಟು ಬಳಸುವುದರಲ್ಲಿ ನಮ್ಮವರೇನೂ ಹಿಂದೆ ಬಿದ್ದಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಸೂತ್ರ 3: ನೀಲಿ ಕ್ಷಣಿಕ.

ವೃತ್ತಿ: ಸರ್ವಗ್ರಾಹಿ ಪ್ರೋಗ್ರಾಮರ್ ‘ಫೋಕಸ್ ಬಂದಾಗ ಎಲ್ಲವನ್ನೂ ಆರಿಸು’ ಎಂದು ಒಂದು ಸಾಲು ಬರೆದು ಕಾಫಿಗೆ ಏಳುತ್ತಾನೆ. ಟ್ಯಾಬ್‌ನಿಂದ ಬಂದರೆ ಸರಿಯಾಗಿಯೇ ಇದೆ. ಮೌಸ್‌ನಿಂದ ಬಂದರೆ ಮಾತ್ರ ನೀಲಿ ಫಕ್ಕನೆ ಮಿಂಚಿ ಮಾಯ. ಬೌದ್ಧರ ಕ್ಷಣಿಕವಾದಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕೆ? ಆದರೆ ಕಾರಣ ಸರಳ. ಗುಂಡಿ ಒತ್ತಿದಾಗ ಪೆಟ್ಟಿಗೆಗೆ ಮೊದಲು ಫೋಕಸ್ ಸಿಗುತ್ತದೆ, ಆಗ ಎಲ್ಲ ನೀಲಿಯಾಗುತ್ತದೆ. ಆಮೇಲೆ ಪೆಟ್ಟಿಗೆ ಅದೇ ಒತ್ತಿಗೆ ಎರಡನೇ ಅರ್ಥ ಮಾಡಿಕೊಂಡು, ತೋರಿಸಿದ ಜಾಗದಲ್ಲಿ ಕಡ್ಡಿ ನೆಟ್ಟು ನೀಲಿಯನ್ನು ಒರೆಸಿಹಾಕುತ್ತದೆ. ಪರಿಹಾರವಾಗಿ ಜಾವಾ ಸ್ವಿಂಗ್‌ನವರು ‘ಇನ್ವೋಕ್ ಲೇಟರ್’, ವಿಂಡೋಸ್ ಫಾರ್ಮ್ಸ್‌ನವರು ‘ಬಿಗಿನ್ ಇನ್ವೋಕ್’ ಎಂಬ ಮಂತ್ರ ಜಪಿಸುತ್ತಾರೆ. ತಾತ್ಪರ್ಯ: ಕೈಯಲ್ಲಿರುವ ಕಡತಗಳೆಲ್ಲ ವಿಲೇವಾರಿಯಾದ ಮೇಲೆ ನಿಮ್ಮದನ್ನು ನೋಡೋಣ, ಹೋಗಿ ಬನ್ನಿ. ತಾಲ್ಲೂಕು ಕಚೇರಿಯ ಈ ಪ್ರಾಚೀನ ತತ್ತ್ವ ಯಂತ್ರದೊಳಗೂ ಕೆಲಸ ಮಾಡುತ್ತದೆ, ಅದೂ ಲಂಚವಿಲ್ಲದೆ.

ಸೂತ್ರ 4: ಕಾಣದ ನೀಲಿಯೂ ನೀಲಿಯೇ.

ವೃತ್ತಿ: ವಿಂಡೋಸ್‌ನ ಸಾಮಾನ್ಯ ಪೆಟ್ಟಿಗೆಯಲ್ಲಿ ಅಕ್ಷರ ಆರಿಸಿ, ಪಕ್ಕದ ಕಿಟಕಿಗೆ ಹೋಗಿ. ನೀಲಿ ಮರೆಯಾಗುತ್ತದೆ, ಆಯ್ಕೆ ಹೋಗಿರುವುದಿಲ್ಲ. ಇದೆಯೆಂದರೆ ಕಾಣದು, ಇಲ್ಲವೆಂದರೆ ಹಿಂದಿರುಗಿ ಬಂದು ಕೀಲಿ ಮುಟ್ಟಿದವನ ಕಥೆ ಮುಗಿಯಿತು. ಅದ್ವೈತಿಗಳು ಸದಸದ್ವಿಲಕ್ಷಣ, ಅನಿರ್ವಚನೀಯ ಎಂದು ಕೈಮುಗಿದರು. ದ್ವೈತಿಗಳು ಮಾತ್ರ ಬಗ್ಗಲಿಲ್ಲ: ಕಂಡ ನೀಲಿ ಬೇರೆ, ಕಾಣದ ನೀಲಿ ಬೇರೆ, ಒತ್ತಿದವನು ಬೇರೆ, ಬೈಸಿಕೊಂಡವನು ಬೇರೆ. ಲಿನಕ್ಸಿನ ಎಕ್ಸ್ ವಿಂಡೋ ಪಂಥದಲ್ಲಿ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಅಲ್ಲಿ ಆರಿಸಿದ್ದೇ ನಕಲಾದಂತೆ, ಮೌಸ್‌ನ ನಡುಗುಂಡಿ ಒತ್ತಿದರೆ ಅದು ಅಂಟುತ್ತದೆ. ಪೆಟ್ಟಿಗೆ ಹೊಕ್ಕೊಡನೆ ತಾನಾಗಿ ಎಲ್ಲ ನೀಲಿಯಾದರೆ, ಎಲ್ಲಿಂದಲೋ ಆರಿಸಿ ತಂದದ್ದು ಕೈಬಿಟ್ಟುಹೋಗುತ್ತದೆ.

ಸೂತ್ರ 5: ಕನ್ನಡಕ್ಕೆ ಬೇರೆ ನ್ಯಾಯ.

ವೃತ್ತಿ: ‘ಲಕ್ಷ್ಮೀ’ ಎಂದು ಬರೆದು ಕೊನೆಯಿಂದ ಬ್ಯಾಕ್‌ಸ್ಪೇಸ್ ಒತ್ತಿ. ಮೊದಲು ಈಕಾರ ಹೋಗಿ ‘ಲಕ್ಷ್ಮ’, ಮತ್ತೆ ಒತ್ತಿದರೆ ‘ಲಕ್ಷ್’, ಮೂರನೆಯದಕ್ಕೆ ದೇವಿ ಹೋಗಿ ‘ಲಕ್ಷ’ ಉಳಿಯುತ್ತದೆ. ವ್ಯವಹಾರಸ್ಥರು ಇಲ್ಲಿಗೆ ನಿಲ್ಲಿಸುತ್ತಾರೆ. ಲೋಭಿಗಳು ಇನ್ನೊಂದು ಒತ್ತಿ ‘ಲಕ್’ ಅನ್ನು ಪಡೆಯುತ್ತಾರೆ. ಆದರೆ ಶಿಫ್ಟ್ ಹಿಡಿದು ಬಾಣದ ಕೀಲಿಯಿಂದ ಆರಿಸಹೊರಟರೆ ಬಹಳಷ್ಟು ತಂತ್ರಾಂಶಗಳಲ್ಲಿ ‘ಕ್ಷ್ಮೀ’ ಇಡಿಯಾಗಿಯೇ ನೀಲಿಯಾಗುತ್ತದೆ. ಯೂನಿಕೋಡಿನ ಆರು ಸಂಕೇತಗಳು ಒಂದೇ ಗುಟುಕು. ಒತ್ತಕ್ಷರವೊಂದನ್ನೇ ಹಿಡಿಯುತ್ತೇನೆಂಬ ವೈಯಾಕರಣನಿಗೆ ಇಲ್ಲಿ ಪ್ರವೇಶವಿಲ್ಲ.

ಇನ್ನು ಸಿದ್ಧಾಂತ. ಟ್ಯಾಬ್‌ನಿಂದ ಬಂದವರಿಗೆ ಎಲ್ಲ ನೀಲಿಯಾಗಲಿ. ಮೌಸ್‌ನಿಂದ ಬಂದವರಿಗೆ, ಮೊತ್ತದಂಥ ಪುಟ್ಟ ಪೆಟ್ಟಿಗೆಯಾದರೆ, ಮೊದಲ ಕ್ಲಿಕ್ಕಿಗೆ ಮಾತ್ರ ನೀಲಿ. ಅವರೇ ಎಳೆದು ಒಂದಿಷ್ಟು ಆರಿಸಿದ್ದರೆ ಅದರ ತಂಟೆಗೆ ಹೋಗಕೂಡದು. ಬೇರೆ ಕಿಟಕಿಗೆ ಹೋಗಿ ಬಂದವರಿಗೆ ಬಿಟ್ಟುಹೋದದ್ದು ಬಿಟ್ಟಲ್ಲೇ ಸಿಗಲಿ. ಬಿಂದುವಾದಿಗಳು ಇದಕ್ಕೊಪ್ಪದೆ ಎದ್ದುಹೋದರೆ ಅದು ಅವರ ಪ್ರಾರಬ್ಧ.

ಆದರೂ ಪ್ರಮಾದ ಸಂಭವಿಸಿ ವಿಳಾಸ 7 ಆಯಿತೆನ್ನಿ, ಪ್ರಾಯಶ್ಚಿತ್ತ ಕಂಟ್ರೋಲ್-ಝಡ್. ಆದರೆ ವಿಂಡೋಸ್‌ನ ಹಳೆಯ ಸರಳ ಪೆಟ್ಟಿಗೆಗೆ ನೆನಪಿರುವುದು ಒಂದೇ ಜನ್ಮ. ಒಮ್ಮೆ ಒತ್ತಿದರೆ ವಿಳಾಸ ಬರುತ್ತದೆ. ಖಾತ್ರಿಗೆಂದು ಇನ್ನೊಮ್ಮೆ ಒತ್ತಿದರೆ ಮತ್ತೆ 7. ಮೂರನೆಯ ಸಲ ಒತ್ತಿದಾಗ ಬರುವುದು ಆ ವಿಳಾಸವೇ ಅಥವಾ ಅದರಂಥದೇ ಇನ್ನೊಂದೇ ಎಂಬುದನ್ನು ಎರಡನೆಯ ಸಂಪುಟದಲ್ಲಿ ವಿಚಾರಿಸಲಾಗುವುದು. ಅನುದಾನಕ್ಕೆ ಅರ್ಜಿ ತುಂಬುತ್ತಿದ್ದೇನೆ, ಈಗಷ್ಟೇ ಟ್ಯಾಬ್ ಒತ್ತಿದ್ದೇನೆ.