ಅಂತ್ಯಪ್ರಶ್ನಾ ಮೀಮಾಂಸೆ

ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ಅದರ ವಿಷಯವೇನು, ಪ್ರಯೋಜನವೇನು, ಅದಕ್ಕೆ ಅಧಿಕಾರಿ ಯಾರು ಎಂಬುದನ್ನು ಮೊದಲೇ ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದುದರಿಂದ, ನಾವೂ ಅದನ್ನು ಮೀರದೆ ನಿವೇದಿಸಿಕೊಳ್ಳುವುದೇನೆಂದರೆ: ಈ ಪ್ರಬಂಧದ ವಿಷಯವು, ಅಮೆರಿಕ ದೇಶದ ದೂರದರ್ಶನದಲ್ಲಿ 1964ರಲ್ಲಿ ಹುಟ್ಟಿ, ನಡುವೆ ಅಸ್ತಂಗತವಾಗಿ, 1984ರಲ್ಲಿ ಪುನರ್ಜನ್ಮವನ್ನು ಪಡೆದ ‘ಜೆಪರ್ಡಿ’ ಎಂಬ ರಸಪ್ರಶ್ನಾಯಾಗದ ಪೂರ್ಣಾಹುತಿಯೆನಿಸಿದ ಅಂತಿಮ ಪ್ರಶ್ನೆಯು ಅಚ್ಚುಮೊಳೆಗಳನ್ನು ಕುರಿತದ್ದಾದಾಗ ಉಂಟಾಗುವ ತಾತ್ತ್ವಿಕ ಸಂಕಟ, ಪ್ರಯೋಜನವು ಏನೂ ಇಲ್ಲ, ಅಧಿಕಾರಿಯು, ಮದುವೆಯ ಕರೆಯೋಲೆ ಕೈಗೆ ಬಂದೊಡನೆ ಮುಹೂರ್ತವನ್ನು ಬಿಟ್ಟು ಅಕ್ಷರದ ಬಾಲವನ್ನು ಪರಿಶೀಲಿಸುವ ದುಶ್ಚಟವುಳ್ಳ ಸಜ್ಜನ. ಅಂಥವರು ವಿರಳರೆಂಬುದನ್ನು ಬಲ್ಲೆವು. ಶಾಸ್ತ್ರಕ್ಕೆ ಅಧಿಕಾರಿಗಳು ಯಾವ ಕಾಲದಲ್ಲಿಯೂ ವಿರಳರೇ.

ಮೊದಲು ಯಾಗದ ಉತ್ಪತ್ತಿಯನ್ನು ಹೇಳಬೇಕು. 1950ರ ದಶಕದಲ್ಲಿ ಆ ದೇಶದ ಕೆಲವು ರಸಪ್ರಶ್ನಾಪ್ರದರ್ಶನಗಳ ನಿರ್ಮಾಪಕರು ತಮಗೆ ಬೇಕಾದ ಸ್ಪರ್ಧಿಗಳಿಗೆ ಉತ್ತರಗಳನ್ನು ಗುಟ್ಟಾಗಿ ಕೊಟ್ಟು ಸಿಕ್ಕಿಬಿದ್ದರು. ದೇಶವೆಲ್ಲ ಛೀಮಾರಿ ಹಾಕಿತು. ಹಾಗಾದರೆ ಉತ್ತರವನ್ನು ಎಲ್ಲರ ಎದುರಿಗೇ ಕೊಟ್ಟುಬಿಟ್ಟು ಪ್ರಶ್ನೆಯನ್ನು ಕೇಳಿದರಾಗದೇ ಎಂದು ಮರ್ವ್ ಗ್ರಿಫಿನ್ ಎಂಬ ನಿರ್ಮಾಪಕನಿಗೆ ಅವನ ಧರ್ಮಪತ್ನಿ ಸೂಚಿಸಿದಳೆಂದೂ, ಅದರಿಂದಲೇ ಈ ಆಟವು ಜನಿಸಿತೆಂದೂ ಐತಿಹ್ಯ. ಪಾಪವನ್ನು ಬಹಿರಂಗವಾಗಿ ಮಾಡುವುದೇ ಪಾಪಕ್ಕೆ ಪ್ರಾಯಶ್ಚಿತ್ತವೆಂಬ ಈ ಸೂಕ್ಷ್ಮವು ನಮ್ಮ ಧರ್ಮಶಾಸ್ತ್ರಕಾರರಿಗೆ ಹೊಳೆಯದೆ ಹೋದದ್ದು ಸೋಜಿಗವೇ ಸರಿ. ಅಂದಿನಿಂದ ಸ್ಪರ್ಧಿಯಾದವನು ತಾನು ಬಲ್ಲದ್ದನ್ನೆಲ್ಲ ಅರಿಯದವನಂತೆ ಪ್ರಶ್ನಾರೂಪದಲ್ಲಿಯೇ ನುಡಿಯತಕ್ಕದ್ದು.

ವರ್ಷವಿಡೀ ಗೆದ್ದು ಬೀಗಿದವರನ್ನು ಕೂಡಿಸಿ ನಡೆಸುವ ‘ವಿಜೇತರ ಪಂದ್ಯಾವಳಿ’ಯ ಸಾಂಪ್ರದಾಯಿಕ ವಿಧಿಯು ಹೀಗಿದೆ: ಹದಿನೈವರು ಐದು ಪಂದ್ಯಗಳಲ್ಲಿ ಸೆಣಸಿ ಐವರು ಗೆಲ್ಲುತ್ತಾರೆ, ಸೋತ ಹತ್ತು ಮಂದಿಯಲ್ಲಿ ಹೆಚ್ಚು ಹಣ ಕೂಡಿಹಾಕಿದ ನಾಲ್ವರು, ಸೋತದ್ದರಲ್ಲಿಯೂ ಒಂದು ಶ್ರೇಷ್ಠತೆಯುಂಟೆಂಬ ನ್ಯಾಯದಿಂದ, ಗೆದ್ದವರ ಪಂಕ್ತಿಯಲ್ಲಿಯೇ ಊಟಕ್ಕೆ ಕೂರುತ್ತಾರೆ. ಆ ಒಂಬತ್ತು ಮಂದಿ ಮೂವರಾಗಿ, ಆ ಮೂವರ ಮುಂದೆ ಕೊನೆಗೊಮ್ಮೆ ಅಂತಿಮ ಪ್ರಶ್ನೆಯು ಪ್ರಾದುರ್ಭವಿಸುತ್ತದೆ. ಪ್ರಶ್ನೆಗೆ ಮುನ್ನ ಅದರ ಶೀರ್ಷಿಕೆಯೊಂದನ್ನೇ ತೋರಿಸುತ್ತಾರೆ; ಅದನ್ನು ನೋಡಿಯೇ ಪಣವನ್ನು ಕಟ್ಟಬೇಕು; ಜಾಹೀರಾತುಗಳು ಬಂದುಹೋಗುವವರೆಗೆ ಮೂವರೂ ತಲೆತಗ್ಗಿಸಿ ಕೂಡಿ ಕಳೆಯುತ್ತಾರೆ. ಅನಂತರ ಪ್ರಶ್ನೆ, ಅನಂತರ ಮೂವತ್ತು ಸೆಕೆಂಡುಗಳ ಕಾಲಾವಕಾಶ. ಆ ಮೂವತ್ತು ಸೆಕೆಂಡುಗಳಲ್ಲಿ ನುಡಿಸುವ ರಾಗವನ್ನು ಗ್ರಿಫಿನ್ ಮೊದಲು ರಚಿಸಿದ್ದು ತನ್ನ ಮಗುವನ್ನು ಮಲಗಿಸಲು ಹಾಡುವ ಜೋಗುಳವೆಂದು. ಲಕ್ಷಾಂತರ ಜನರ ಎದುರಿಗೆ ನಿಂತು, ಸಾವಿರಾರು ಡಾಲರುಗಳನ್ನು ಪಣಕ್ಕಿಟ್ಟು, ಜೋಗುಳವನ್ನು ಕೇಳುತ್ತ ಎಚ್ಚರವಾಗಿರಬೇಕಾದ ತಪಸ್ಸು ಇನ್ನಾವ ಋಷಿಗೂ ವಿಹಿತವಾಗಿಲ್ಲ.

ಈಗ, ತಾರ್ಕಿಕರು ಪರ್ವತದ ಮೇಲೆ ಹೊಗೆಯನ್ನು ಕಲ್ಪಿಸಿಕೊಳ್ಳುವಂತೆ, ನಾವು ಆ ನೀಲಿಯ ಫಲಕದ ಮೇಲೆ ‘ಮುದ್ರಾಕ್ಷರಗಳು’ ಎಂಬ ಶೀರ್ಷಿಕೆಯನ್ನು ಕಲ್ಪಿಸಿಕೊಳ್ಳೋಣ. ನದಿಗಳ ಉದ್ದವನ್ನೂ, ಅಧ್ಯಕ್ಷರ ಪತ್ನಿಯರ ತವರುಮನೆಗಳನ್ನೂ, ಬೈಬಲ್ಲಿನ ವಂಶಾವಳಿಗಳನ್ನೂ ಕರತಲಾಮಲಕ ಮಾಡಿಕೊಂಡು ಬಂದ ಮೂವರು ಮಹಾಪಂಡಿತರ ಮುಖ ಒಮ್ಮೆಲೇ ಬಿಳಿಚಿಕೊಳ್ಳುತ್ತದೆ. ತಾವು ಕಲಿತದ್ದನ್ನೆಲ್ಲ ಯಾವುದರ ಮೂಲಕ ಕಲಿತರೋ ಅದನ್ನೊಂದನ್ನು ಅವರು ಕಣ್ಣೆತ್ತಿ ನೋಡಿದವರಲ್ಲ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ: “ಅಕ್ಷರವನ್ನು ಕುರಿತ ಪ್ರಶ್ನೆಯನ್ನು ಅಕ್ಷರದಲ್ಲಿಯೇ ತೋರಿಸುವುದರಿಂದ ಉತ್ತರವು ಪ್ರಶ್ನೆಯ ಮೈಮೇಲೆಯೇ ಇರುತ್ತದೆ, ದೀಪವನ್ನು ಹುಡುಕಲು ಇನ್ನೊಂದು ದೀಪ ಬೇಡವಾದುದರಿಂದ ಈ ಪ್ರಶ್ನೆಯು ಸ್ವಯಂಪ್ರಕಾಶವೂ ವ್ಯರ್ಥವೂ ಆಗಿದೆ.” ಸಮಾಧಾನವೇನೆಂದರೆ, ಆ ಪ್ರದರ್ಶನದ ಪ್ರಶ್ನೆಗಳೆಲ್ಲವೂ ಮೊದಲಿನಿಂದ ಕೊನೆಯವರೆಗೆ ದೊಡ್ಡಕ್ಷರಗಳಲ್ಲಿಯೇ, ಬಿಳಿಯ ಬಣ್ಣದಲ್ಲಿ, ಕಪ್ಪು ನೆರಳನ್ನು ಹೊತ್ತು, ಕೊರಿನ್ನಾ ಎಂಬ ಒಂದೇ ಮುದ್ರಾಕ್ಷರದಲ್ಲಿ ತೋರುತ್ತವೆ. ಇದು 1904ರಲ್ಲಿ ಬರ್ಲಿನ್ನಿನ ಬರ್ತೋಲ್ಡ್ ಮೊಳೆಶಾಲೆಯಲ್ಲಿ ಅವತರಿಸಿ, ಬಹುಕಾಲ ಅಜ್ಞಾತವಾಸದಲ್ಲಿದ್ದು, 1974ರಲ್ಲಿ ನ್ಯೂಯಾರ್ಕಿನ ಎಡ್ ಬೆಂಗ್ವಿಯಟ್ ಮತ್ತು ವಿಕ್ ಕರೂಸೊ ಎಂಬಿಬ್ಬರ ಕೈಯಲ್ಲಿ ಜೀರ್ಣೋದ್ಧಾರವಾದದ್ದು. ಆದುದರಿಂದ ಹೆಲ್ವೆಟಿಕಾವನ್ನು ಕೇಳಿದರೂ ಕೊರಿನ್ನಾ, ಬೊಡೋನಿಯನ್ನು ಕೇಳಿದರೂ ಕೊರಿನ್ನಾ, ಸಾಕ್ಷಿಯು ಉದಾಸೀನನೇ. ಆದರೆ ಯಾರಾದರೂ ದುಷ್ಟಬುದ್ಧಿಯ ಪ್ರಶ್ನಕಾರನು, “ನೀವು ಈಗ ಓದುತ್ತಿರುವುದು ಇದನ್ನೇ” ಎಂದಷ್ಟೇ ಬರೆದು ಕೊರಿನ್ನಾವನ್ನು ಕೇಳಿಬಿಟ್ಟನಾದರೆ, ದಶಕಗಳ ಕಾಲ ಆ ಅಕ್ಷರಗಳನ್ನೇ ಓದಿ ಲಕ್ಷಾಧೀಶರಾದವರು ಮೂವತ್ತು ಸೆಕೆಂಡು ಅದನ್ನೇ ದಿಟ್ಟಿಸಿ ನೋಡಿ ಮೂರ್ಛೆಹೋಗುವುದು ನಿಶ್ಚಯ. ಇಂಥ ಪ್ರಶ್ನೆಯನ್ನು ಕೇಳಬೇಕೆಂಬುದೇ ಈ ಲೇಖಕನ ಅನೇಕ ವರ್ಷಗಳ ಮನೋರಥ.

ಉತ್ತರವನ್ನು ಬರೆಯುವ ವಿಧಾನದಲ್ಲಿಯೂ ಒಂದು ಚಮತ್ಕಾರವಿದೆ. ನಮ್ಮ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಲ್ಲಿ ಬಾಯಲ್ಲಿ ಹೇಳಿದರೆ ಪುಸ್ತಕ ಸಿಕ್ಕುತ್ತದೆ, ಅಂದರೆ ಅಚ್ಚುಮೊಳೆಯೇ ಬಹುಮಾನ, ಅಲ್ಲಿಯಾದರೋ ಅಂತಿಮ ಸುತ್ತಿನಲ್ಲಿ ಗಾಜಿನ ಹಲಗೆಯ ಮೇಲೆ ಕೈಬರಹದಲ್ಲಿ ಗೀಚಬೇಕು. ಮುದ್ರಾಕ್ಷರವನ್ನು ಕುರಿತ ಪ್ರಶ್ನೆಗೆ ಯಾವ ಮುದ್ರಾಕ್ಷರಕ್ಕೂ ಸೇರದ ಕಾಗೆಗಾಲಿನ ಉತ್ತರ! ಕಾಗುಣಿತ ತಪ್ಪಿದರೂ ಉಚ್ಚಾರ ಕೆಡದಿದ್ದರೆ ಕ್ಷಮೆಯುಂಟು. ಉಚ್ಚಾರವೇ ಕೆಟ್ಟರೆ ದಯೆಯಿಲ್ಲ. 2013ರಲ್ಲಿ ಮಕ್ಕಳ ಸ್ಪರ್ಧೆಯೊಂದರಲ್ಲಿ ಬಾಲಕನೊಬ್ಬನು ಲಿಂಕನ್ನನ ದಾಸ್ಯವಿಮೋಚನೆಯ ಘೋಷಣೆಯನ್ನು ಸರಿಯಾಗಿಯೇ ಗುರುತಿಸಿಯೂ ‘ಎಮ್ಯಾನ್ಸಿಪೇಷನ್’ ಎಂಬ ಮಾತಿನ ನಡುವೆ ಒಂದು ‘ಟಿ’ಯನ್ನು ಹೆಚ್ಚಾಗಿ ಸೇರಿಸಿ ಪಣವನ್ನು ಕಳೆದುಕೊಂಡನು. ದಾಸರು ಬಿಡುಗಡೆಯಾದರು, ಬಾಲಕನು ಸಿಕ್ಕಿಕೊಂಡನು. ವೇದವನ್ನು ತಪ್ಪು ಸ್ವರದಲ್ಲಿ ಹೇಳಿದವನ ಗತಿಯನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಅದ್ವೈತದ ಪ್ರಕರಣ. 2011ರ ಫೆಬ್ರವರಿಯಲ್ಲಿ ಐಬಿಎಂ ಸಂಸ್ಥೆಯ ವಾಟ್ಸನ್ ಎಂಬ ಗಣಕಯಂತ್ರವು, 2004ರಲ್ಲಿ ಸತತವಾಗಿ 74 ಪಂದ್ಯಗಳನ್ನು ಗೆದ್ದಿದ್ದ ಕೆನ್ ಜೆನ್ನಿಂಗ್ಸನನ್ನೂ, ಬ್ರಾಡ್ ರಟರ್ ಎಂಬ ಮತ್ತೊಬ್ಬ ಮಹಾರಥಿಯನ್ನೂ ಸೋಲಿಸಿತಷ್ಟೆ. ಮಾನವರಿಬ್ಬರು ಫಲಕವನ್ನು ನೋಡಿ ಓದಿದರು; ಯಂತ್ರಕ್ಕೋ ಅದೇ ಪ್ರಶ್ನೆಯು ಬರಿಯ ಪಠ್ಯಸಂಕೇತವಾಗಿ ತಂತಿಯ ಮೂಲಕ ಒಳಗೇ ಬಂದಿಳಿಯಿತು. ದುಂಡಗಿಲ್ಲ, ಚೂಪಿಲ್ಲ, ನೆರಳಿಲ್ಲ, ಬಣ್ಣವಿಲ್ಲ: ನಾಮರೂಪರಹಿತವಾದ ನಿರ್ಗುಣಾಕ್ಷರದ ಸಾಕ್ಷಾತ್ಕಾರವು ಆ ಪಂಡಿತಸಭೆಯಲ್ಲಿ ವಾಟ್ಸನ್ನನೊಬ್ಬನಿಗೇ ಆದದ್ದು. ನಿರ್ಗುಣವನ್ನು ಕಂಡವನಿಗೆ ವ್ಯವಹಾರದಲ್ಲಿ ಎಡವಟ್ಟಾಗುವುದೂ ಸಹಜವಷ್ಟೆ. ‘ಅಮೆರಿಕದ ನಗರಗಳು’ ಎಂಬ ಶೀರ್ಷಿಕೆಯ ಅಂತಿಮ ಪ್ರಶ್ನೆಗೆ ಅದು ಕೆನಡಾದ ಟೊರಾಂಟೊವನ್ನು ಬರೆದು, ಮುಂದೆ ಐದು ಪ್ರಶ್ನಾರ್ಥಕ ಚಿಹ್ನೆಗಳನ್ನು ಜೋಡಿಸಿತು. ಅದ್ವೈತಿಗೆ ದೇಶಭೇದವೆಲ್ಲಿಯದು?

ಹಾಗಾದರೆ ಕೇಳತಕ್ಕ ಮುದ್ರಾಕ್ಷರ ಯಾವುದು? ಟೈಮ್ಸ್ ನ್ಯೂ ರೋಮನ್ ಒಂದು ಪಕ್ಷ: 1932ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕಾಗಿ ಸ್ಟ್ಯಾನ್ಲಿ ಮಾರಿಸನ್ನನ ನಿರ್ದೇಶನದಲ್ಲಿ ಹುಟ್ಟಿದ ಇದು ಕಚೇರಿಯ ಕಾಗದಗಳಲ್ಲಿ ಎಷ್ಟು ಸವೆದಿದೆಯೆಂದರೆ ಯಾರೂ ಇದನ್ನು ಅಕ್ಷರವೆಂದೇ ಗಮನಿಸುವುದಿಲ್ಲ. ಕ್ಯಾಲಿಬ್ರಿ ಎರಡನೆಯ ಪಕ್ಷ. 2017ರಲ್ಲಿ ಪಾಕಿಸ್ತಾನದ ಪ್ರಧಾನಿಯ ಕುಟುಂಬದವರು ಸಲ್ಲಿಸಿದ, 2006ರ ತಾರೀಖನ್ನು ಹೊತ್ತ ದಸ್ತಾವೇಜೊಂದು, 2007ಕ್ಕೆ ಮುಂಚೆ ಮಾರುಕಟ್ಟೆಗೇ ಬಾರದಿದ್ದ ಆ ಅಕ್ಷರದಲ್ಲಿದೆಯೆಂದು ತನಿಖಾತಂಡವು ಎತ್ತಿ ತೋರಿಸಿತು; ಅಚ್ಚುಮೊಳೆಯ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಪಣವನ್ನು ಯಾವ ದೂರದರ್ಶನವೂ ಒಡ್ಡಿಲ್ಲ. ಆದರೂ ಪ್ರಶ್ನಕಾರರ ಮನಸ್ಸು ಸುಲಭವಾಗಿ ಹರಿಯುವುದು ಹೆಲ್ವೆಟಿಕಾದ ಕಡೆಗೆ. 1957ರಲ್ಲಿ ಸ್ವಿಟ್ಜರ್ಲೆಂಡಿನ ಹಾಸ್ ಮೊಳೆಶಾಲೆಯಲ್ಲಿ, ಎಡುವರ್ಡ್ ಹಾಫ್‌ಮನ್ನನ ಮೇಲ್ವಿಚಾರಣೆಯಲ್ಲಿ ಮ್ಯಾಕ್ಸ್ ಮೀಡಿಂಗರ್ ಬರೆದದ್ದು; 1960ರಲ್ಲಿ ಈಗಿನ ಹೆಸರನ್ನು ತಳೆದದ್ದು; ಐವತ್ತು ತುಂಬಿದ 2007ರಲ್ಲಿ ತನ್ನ ಹೆಸರಿನದೇ ಒಂದು ಚಲನಚಿತ್ರಕ್ಕೆ ನಾಯಕನಾದದ್ದು. ಆ ಮೊಳೆಶಾಲೆಯಿದ್ದ ಮ್ಯೂನ್‌ಶೆನ್‌ಸ್ಟೈನ್ ಬಾಸೆಲ್ ನಗರದ ಮಗ್ಗುಲಲ್ಲಿದೆ; ಮಂಗಳೂರಿನಲ್ಲಿ ಮುದ್ರಣಾಲಯವನ್ನು ಹೂಡಿ 1894ರಲ್ಲಿ ಕಿಟ್ಟೆಲ್ಲರ ನಿಘಂಟನ್ನು ಅಚ್ಚುಹಾಕಿದ ಮಿಷನ್ನಿನ ಬಾಸೆಲ್ಲೂ ಅದೇ. ಹೀಗೆ ಹೆಲ್ವೆಟಿಕಾ ನಮಗೆ ದೂರದ ನೆಂಟನಾಗುತ್ತದೆಂದು ಹೇಳಿಕೊಳ್ಳುವ ಹಕ್ಕನ್ನು ನಾವು ಬಿಟ್ಟುಕೊಡುವುದಿಲ್ಲ.

ಆದಕಾರಣ ಸಿದ್ಧಾಂತವಿದು. ವಾಚಕಮಹಾಶಯರಲ್ಲಿ ಯಾರಾದರೂ ಮುಂದೊಮ್ಮೆ ಆ ನೀಲಿಯ ಫಲಕದೆದುರು ನಿಲ್ಲುವ ಪ್ರಸಂಗ ಬಂದು, ಶೀರ್ಷಿಕೆಯು ‘ಮುದ್ರಾಕ್ಷರಗಳು’ ಎಂದಾಗಿ, ಜೋಗುಳವು ಆರಂಭವಾಗಿ, ಬುದ್ಧಿಯು ಏನೂ ಹೊಳೆಯದೆ ಸ್ತಬ್ಧವಾದರೆ, ಧೈರ್ಯಗೆಡದೆ ‘ಹೆಲ್ವೆಟಿಕಾ ಯಾವುದು?’ ಎಂದು ದುಂಡಗೆ ಬರೆಯತಕ್ಕದ್ದು; ಪಣವನ್ನು ಮಾತ್ರ ಮಿತವಾಗಿ ಇಡತಕ್ಕದ್ದು; ಪ್ರಶ್ನಾರೂಪವನ್ನು ಮರೆತವರಿಗೆ ಸರಿಯುತ್ತರಕ್ಕೂ ಫಲವಿಲ್ಲ.