ತಲೆ ಮೇಲಿನ ಮರ ಕಾಲ ಕೆಳಗೆ

ಗೋಕಾಕ ತಾಲೂಕಿನ ಮಮದಾಪುರದಂಥ ಊರಿನಲ್ಲಿ ಮನೆ ಕಟ್ಟಿಸುವವನಿಗೆ ಸ್ಲ್ಯಾಬ್ ಬಿದ್ದ ಮರುದಿನದಿಂದಲೇ ಒಂದು ಪ್ರಶ್ನೆ ಬೆನ್ನು ಹತ್ತುತ್ತದೆ: ‘ನೆಲಕ್ಕ ಏನ್ ಹಾಕಸ್ತೀರಿ?’ ಉತ್ತರಗಳು ಎಲ್ಲರಿಗೂ ಬಾಯಿಪಾಠ. ಕಲಬುರಗಿ ಸೀಮೆಯಿಂದ ಬರುವ ಶಹಾಬಾದ ಫರಸಿ, ಇಳಕಲ್ಲಿನ ಕೆಂಪು ಗ್ರಾನೈಟ್, ಗುಜರಾತಿನ ಮೊರ್ಬಿಯ ಟೈಲ್ಸ್. ಕೈ ಬಿಗಿಯಾಗಿದ್ದರೆ ಸಿಮೆಂಟಿನ ಕೋಬಾ. ಯಾರ ಮನೆಗೆ ಯಾವುದು ಬಿತ್ತು ಎಂಬುದರ ಮೇಲೆ ಅವರಿಗೆ ಆ ವರ್ಷ ಕಬ್ಬಿನ ಬಿಲ್ ಎಷ್ಟು ಬಂದಿರಬಹುದೆಂದು ಊರು ಕಟ್ಟೆಯ ಮೇಲೆ ಕೂತೇ ಲೆಕ್ಕ ಹಾಕುತ್ತದೆ. ಲೆಕ್ಕ ತಪ್ಪುವುದೂ ಕಡಿಮೆ.

ಇಂಥ ಮನೆಗಳಲ್ಲೊಂದನ್ನು ತೆಗೆದುಕೊಳ್ಳಿ. ಯಜಮಾನರಿಗೆ ನೀರಾವರಿ ಹೊಲ, ಮಗನಿಗೆ ಬೆಂಗಳೂರಿನಲ್ಲಿ ನೌಕರಿ. ಮಗ ಒಂದು ರಾತ್ರಿ ಫೋನು ಮಾಡಿ, ‘ಅಪ್ಪಾ, ಎಲ್ಲಾ ಕಡೆ ನೀ ಹೇಳಿದ ಟೈಲ್ಸೇ ಇರ್ಲಿ. ಮ್ಯಾಲಿನ ನನ್ನ ಖೋಲಿಗೆ ಅಷ್ಟ ಕಟ್ಟಿಗಿ ನೆಲಾ ಮಾಡ್ಸೋಣು’ ಎಂದ. ಯಜಮಾನರು ಫೋನನ್ನು ಕಿವಿಯಿಂದ ದೂರ ಹಿಡಿದು ಅದರ ಮುಖ ನೋಡಿದರು. ಮಾತು ಮರುದಿನ ಹಾಲಿನ ಡೇರಿಗೆ ತಲುಪಿತು, ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಹುಡುಗ ಬಂದು ಕೇಳಿಯೇಬಿಟ್ಟ: ‘ಕಾಕಾ, ನೆಲಕ್ಕೂ ಬಾಗಲಾ ಕೂಡಸ್ತೀರಂತಲ್ಲಾ, ಖರೇ ಏನ್ರಿ?’

ಹಾಗೆ ನೋಡಿದರೆ ಈ ಸೀಮೆಯ ಮನೆಗಳಿಗೆ ಮರ ಹೊಸದೇನಲ್ಲ. ಅದರ ಜಾಗ ಮಾತ್ರ ಬೇರೆಯಿತ್ತು. ಹಳೆಯ ಮಾಳಿಗೆ ಮನೆಯಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ ತುಂಡು, ಅದರ ಮೇಲೆ ದಪ್ಪನೆಯ ಮಣ್ಣು. ಮಳೆ ಕಡಿಮೆ ಬೀಳುವ ಬಯಲುಸೀಮೆಯಾದ್ದರಿಂದ ಮಣ್ಣನ್ನು ತಲೆಯ ಮೇಲೆ ಹೊತ್ತುಕೊಂಡು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದಿತ್ತು. ನೈರುತ್ಯಕ್ಕೆ ಖಾನಾಪುರದ ಕಾಡಿನ ಕಡೆ ಹೋದರೆ ಅದೇ ಮಣ್ಣು ಹೆಂಚಾಗಿ ಸುಟ್ಟು, ಇಳಿಜಾರಾಗಿ ಕೂರಬೇಕಾಗುತ್ತದೆ. ಇನ್ನು ಕಾಲ ಕೆಳಗೆ? ಬಡಿದು ಗಟ್ಟಿ ಮಾಡಿದ ನೆಲ, ಅದಕ್ಕೆ ಸಗಣಿಯ ಸಾರಣೆ. ಸವೆದರೆ ಮುಂದಿನ ಅಮಾವಾಸ್ಯೆಗೆ ಮತ್ತೆ ಸಾರಿಸಿದರಾಯಿತು, ಕಂಪನಿಯ ವಾರಂಟಿ ಕಾರ್ಡು ಹುಡುಕಬೇಕಿರಲಿಲ್ಲ. ಸಿಮೆಂಟಿನ ಸ್ಲ್ಯಾಬ್ ಬಂದ ಮೇಲೆ ತಲೆಯ ಮೇಲಿನ ಮರಕ್ಕೆ ಕೆಲಸ ಹೋಯಿತು. ಬಾಗಿಲು, ಚೌಕಟ್ಟು, ದೇವರ ಕಟ್ಟೆಯಲ್ಲಿ ಅಷ್ಟಿಷ್ಟು ಉಳಿದುಕೊಂಡಿತು. ಕೆಲಸ ಕಳೆದುಕೊಂಡ ಅದೇ ಮರ ಈಗ ಶಹರದ ಪಾಲಿಶ್ ಹಚ್ಚಿಕೊಂಡು, ಚದರಡಿಯ ದರ ಕಟ್ಟಿಕೊಂಡು ಕೆಳಗಿನಿಂದ ಮನೆಯೊಳಗೆ ಬರುತ್ತೇನೆ ಎನ್ನುತ್ತಿತ್ತು.

ಬೆಳಗಾವಿಯ ಅಂಗಡಿಗೆ ಗಂಡ ಹೆಂಡತಿ ಇಬ್ಬರೂ ಹೋದರು. ಬರಿಗೈಲಿ ಹೋಗಬಾರದೆಂದು ಯಜಮಾನರು ಒಂದು ಡಬ್ಬಿ ಕರದಂಟು ಒಯ್ದಿದ್ದರು. ದರದಲ್ಲಿ ಅದರ ಪರಿಣಾಮ ಕಾಣಲಿಲ್ಲ, ವಿವರಣೆಯಲ್ಲಿ ಕಂಡಿತು. ಅಂಗಡಿಯ ಹುಡುಗ ಮೂರು ತುಂಡುಗಳನ್ನು ಮೇಜಿನ ಮೇಲೆ ಇಟ್ಟ. ಮೊದಲನೆಯದು ಅಖಂಡ ಮರದ ಪಟ್ಟಿ, ಮುಕ್ಕಾಲು ಇಂಚು ದಪ್ಪ. ಗೀರು ಬಿದ್ದರೆ ಉಜ್ಜಿ ಹೊಸದು ಮಾಡಬಹುದು, ಅದೂ ಹಲವು ಸಲ. ಎರಡನೆಯದು ಎಂಜಿನಿಯರ್ಡ್ ವುಡ್: ಮೇಲೆ ಎರಡರಿಂದ ಆರು ಮಿಲಿಮೀಟರ್ ಅಸಲಿ ಮರ, ಕೆಳಗೆ ಅಡ್ಡ ಉದ್ದ ಎಳೆ ಕೂಡಿಸಿ ಅಂಟಿಸಿದ ಪ್ಲೈವುಡ್. ಒಂದು ಪದರ ಉಬ್ಬಲು ಹೋದರೆ ಅದರ ಕೆಳಗಿನದು ಎಳೆದು ಹಿಡಿಯುತ್ತದೆ. ಅವಿಭಕ್ತ ಕುಟುಂಬದಲ್ಲಿ ಬೆಳೆದ ಯಜಮಾನರಿಗೆ ಇದು ತಟ್ಟನೆ ಅರ್ಥವಾಯಿತು.

ಮೂರನೆಯದನ್ನು ಅವರು ಕೈಯಲ್ಲಿ ಹಿಡಿದು ಮೆಚ್ಚಿದರು. ಗಂಟು, ಎಳೆ, ಬಣ್ಣ ಎಲ್ಲ ಅಚ್ಚುಕಟ್ಟು, ದರವೂ ಹಗುರ. ‘ಇದ ಯಾವ ಗಿಡದ್ದು?’

‘ಅದು ಲ್ಯಾಮಿನೇಟ್ ರೀ. ಒಳಗ ಕಟ್ಟಿಗಿ ಪುಡಿ ಒತ್ತಿ ಮಾಡಿದ ಹಲಗಿ, ಮ್ಯಾಲೆ ಕಟ್ಟಿಗಿ ಫೋಟೊ ಅಂಟಿಸಿರ್ತಾರ.’

‘ಫೋಟೊನಾ? ಹಂಗಾರ ನಾಳಿಂದ ಹೊಲಕ್ಕ ನಾನೂ ನನ್ನ ಫೋಟೊನ ಕಳಸ್ತೀನಿ.’

ಫೋಟೊ ನೆಲದ ಮರ್ಯಾದೆಯನ್ನೂ ಹೇಳಬೇಕು. ಸ್ವೀಡನ್ನಿನ ಪರ್ಸ್ಟಾರ್ಪ್ ಕಂಪನಿ 1977ರಲ್ಲಿ ಇದನ್ನು ಕಂಡುಹಿಡಿದ ಮೇಲೆ ಜಗತ್ತಿನ ಅದೆಷ್ಟೋ ಮಧ್ಯಮ ವರ್ಗದ ಮನೆಗಳು ಕಾಡು ಕಡಿಯದೆಯೇ ಕಾಡಿನ ಕಳೆ ಪಡೆದವು. ಮೇಲಿನ ಪದರ ಗಟ್ಟಿ, ಸುಲಭಕ್ಕೆ ಗೀರು ಬೀಳುವುದಿಲ್ಲ. ಆದರೆ ಸಂದಿಯಲ್ಲಿ ನೀರು ಇಳಿದರೆ ಒಳಗಿನ ಪುಡಿ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಫೋಟೊವನ್ನು ಉಜ್ಜಿ ಹೊಸದು ಮಾಡಲೂ ಬರುವುದಿಲ್ಲ.

ಗಟ್ಟಿತನದ ಮಾತು ಬಂದಾಗ ಹುಡುಗ ಒಂದು ಪಟ್ಟಿ ತೆಗೆದ. ಗ್ಯಾಬ್ರಿಯಲ್ ಯಾಂಕಾ ಎಂಬ ಆಸ್ಟ್ರಿಯಾದ ಸಂಶೋಧಕ 1906ರಲ್ಲಿ ರೂಪಿಸಿದ ಪರೀಕ್ಷೆಯ ಪಟ್ಟಿ ಅದು. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಎಂಬ ಅಳತೆ. ಅಮೆರಿಕದ ಹಿಕರಿಗೆ 1820 ಪೌಂಡು, ಕೆಂಪು ಓಕ್‌ಗೆ 1290, ನಮ್ಮ ಸಾಗವಾನಿಗೆ ಸಾವಿರದ ಆಸುಪಾಸು. ಸಾಗವಾನಿ ಸೋತಿತಲ್ಲ ಎಂದು ಯಜಮಾನರ ಮುಖ ಸಣ್ಣದಾಯಿತು. ಅವರ ಮನೆಯಲ್ಲಿ ಉಕ್ಕಿನ ಗುಂಡು ಒತ್ತುವವರು ಯಾರೂ ಇಲ್ಲ ಎಂಬುದು ಆ ಕ್ಷಣಕ್ಕೆ ನೆನಪಾಗಲಿಲ್ಲ. ಸಾಗವಾನಿಯ ಹೆಸರು ನಿಂತಿರುವುದು ಗಟ್ಟಿತನದ ಮೇಲಲ್ಲ. ಅದರ ಚೇಗಿನಲ್ಲಿ ಎಣ್ಣೆಯಂಶವಿದೆ, ಒರಲೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಹವೆ ಬದಲಾದರೂ ಹೆಚ್ಚು ಡೊಂಕಾಗುವುದಿಲ್ಲ. ಹಡಗಿನ ಅಟ್ಟಕ್ಕೆ ಜಗತ್ತೆಲ್ಲ ಅದನ್ನೇ ಹುಡುಕಿಕೊಂಡು ಬಂದದ್ದು ಆ ಕಾರಣಕ್ಕೆ. ಬರೀ ಗಟ್ಟಿತನವೇ ಬೇಕಿದ್ದರೆ ಬಂಡಿಯ ಗಾಲಿಗೆ, ಕುಂಟೆಗೆ ಬಳಸುವ ಜಾಲಿ ಹೊಲದ ಬದುವಿನಲ್ಲೇ ನಿಂತಿದೆ. ಅದರ ಮೇಲೆ ನಡೆಯಬೇಕೆಂದು ಯಾರಿಗೂ ಅನ್ನಿಸಿದ್ದಿಲ್ಲ. ಇನ್ನು ಗೋಕಾಕದ ಹೆಸರು ಹೊತ್ತ ಕಟ್ಟಿಗೆ ಆಟಿಕೆಗಳಿವೆಯಲ್ಲ, ಅವು ಹಗುರವಾದ ಮೆದು ಮರದವು. ಬಾಳೆಹಣ್ಣು, ಸೀತಾಫಲ ಎಂದು ನಂಬಿಸಲು ಆ ಮರ ಸಾಕು, ಕಾಲಿಟ್ಟರೆ ಕತೆ ಮುಗಿಯಿತು.

ಇಷ್ಟು ಹೊತ್ತು ಸುಮ್ಮನಿದ್ದ ಮನೆಯಾಕೆ ಆಗ ಒಂದೇ ಪ್ರಶ್ನೆ ಕೇಳಿದರು. ‘ನೆಲಾ ತೊಳದ ನೀರ ಯಾವ ಕಡೆ ಹೋಗಬೇಕ್ರಿ?’

‘ತೊಳಿಯಂಗಿಲ್ರೀ ಅಕ್ಕಾರ. ಅರವಿ ಹಿಂಡಿ, ತುಸು ಹಸಿ ಇದ್ದಾಗ ಒರಸಬೇಕು.’

‘ದೀಪಾವಳಿಗೂ?’

‘ದೀಪಾವಳಿಗೂ ಒರಸೂದಷ್ಟರೀ.’

‘ಹಂಗಾರ ದೀಪಾವಳಿ ಬಂದದ್ದು ಗೊತ್ತಾಗೂದು ಹೆಂಗ?’

ಇಡೀ ವ್ಯವಹಾರದ ಬುಡ ಇಲ್ಲಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಬ್ಬವೆಂದರೆ ಕೊಡ, ಬಕೆಟ್ಟು, ಕಸಬರಿಗೆ ಹಿಡಿದು ಮೂಲೆಯಿಂದ ಬಾಗಿಲವರೆಗೆ ನೀರು ನೂಕಿಕೊಂಡು ಬರುವ ದಂಡಯಾತ್ರೆ. ಫರಸಿ ಇದಕ್ಕೆ ಹುಟ್ಟಿದ ಕಲ್ಲು. ಮರಕ್ಕೆ ಇದು ಮರಣ. ಅಂಗಡಿಯ ಹುಡುಗನಿಗೆ ಗೊತ್ತಿದ್ದರೆ ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಉದಾಹರಣೆ ಕೊಡಬಹುದಿತ್ತು. ಅಲ್ಲಿ ಮೊದಲು ಅಮೃತಶಿಲೆಯ ನೆಲವಿತ್ತು. ಅದನ್ನು ತೊಳೆದೂ ತೊಳೆದೂ ನೀರು ಇಳಿದು ಕೆಳಗಿನ ಮರದ ತೊಲೆಗಳು ಕೊಳೆಯತೊಡಗಿದವು. ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1684ರಲ್ಲಿ, ಕಲ್ಲು ತೆಗೆಸಿ ಮರದ ಹೆಣಿಗೆಯ ನೆಲ ಹಾಸಿದರು. ಅಂದರೆ ಯುರೋಪಿನ ಆ ದೊಡ್ಡ ರಾಜನೂ ಅರಮನೆಯನ್ನು ಉಳಿಸಿಕೊಂಡದ್ದು ಬಕೆಟ್ಟನ್ನು ಹೊರಗಿಟ್ಟು. ಈ ದೃಷ್ಟಾಂತ ಮಮದಾಪುರದ ಮನೆಯಾಕೆಗೆ ಒಪ್ಪಿಗೆಯಾಗುತ್ತಿತ್ತೇ ಎಂಬುದು ಬೇರೆ ಮಾತು. ಹಬ್ಬಕ್ಕೆ ನೆಲ ತೊಳೆಯದ ಮನೆಯವರು ರಾಜರಾದರೇನು?

ನೀರಿನ ವಿಷಯದಲ್ಲಿ ಘಟಪ್ರಭೆಯನ್ನೂ ಕೇಳಬೇಕಾಗುತ್ತದೆ. 2019ರ ಆಗಸ್ಟಿನಲ್ಲಿ ಹೊಳೆ ಗೋಕಾಕ ಪಟ್ಟಣದೊಳಕ್ಕೇ ಬಂದಿತ್ತು. ನೀರು ಇಳಿದ ಮೇಲೆ ಫರಸಿಯನ್ನು ತಿಕ್ಕಿ ತೊಳೆದು ಬಾಳುವೆ ಮಾಡಬಹುದು. ಮರದ ಪಟ್ಟಿ ಮಾತ್ರ ನೀರು ಕುಡಿದು ಅಂಚುಗಳನ್ನೆತ್ತಿ ದೋಣಿಯಾಗುತ್ತದೆ. ಹೊಳೆಸಾಲಿನ ಮನೆಗಳಲ್ಲಿ ಕೆಳಗಿನ ಅಂತಸ್ತಿಗೆ ಮರದ ನೆಲದ ಆಸೆ ಬಿಡುವುದೇ ಲೇಸು. ಮಗನ ಖೋಲಿ ಮಹಡಿಯ ಮೇಲಿದ್ದದ್ದು ಅದರ ಪುಣ್ಯ. ಎರೆಮಣ್ಣಿನ ಸೀಮೆಯಲ್ಲಿ ಇನ್ನೊಂದು ಲಾಭವೂ ಅದರಿಂದ ಉಂಟು: ಮಳೆಗೆ ಹಿಗ್ಗಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಆಟ ನೆಲಮಹಡಿಯ ನೆಲಕ್ಕೆ ತಟ್ಟುವಷ್ಟು ನೇರವಾಗಿ ಸ್ಲ್ಯಾಬಿಗೆ ತಟ್ಟದು. ಆದರೆ ಕಾಂಕ್ರೀಟು ಪೂರ್ತಿ ಒಣಗಿರಬೇಕು. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬ ಲೆಕ್ಕ ಕೇಳಿ ಗವಂಡಿ ನಕ್ಕ. ಅವನ ಅನುಭವದಲ್ಲಿ ಯಾವ ಮಾಲಕರೂ ವಾಸ್ತುಶಾಂತಿಯ ಮುಹೂರ್ತವನ್ನು ಕಾಂಕ್ರೀಟನ್ನು ಕೇಳಿ ಇಟ್ಟದ್ದಿಲ್ಲ.

ಮರದ ನೆಲ ನಡೆದರೆ ಕಿರ್ ಎನ್ನುತ್ತದಂತಲ್ಲ ಎಂಬುದು ಯಜಮಾನರ ತಾಯಿಯ ತಕರಾರು. ಜಪಾನಿನ ಕ್ಯೋಟೊದ ನಿಜೊ ಕೋಟೆಯ ಪಡಸಾಲೆಗಳಲ್ಲಿ ಕಾಲಿಟ್ಟರೆ ಹಲಗೆಗಳು ಹಕ್ಕಿಯ ಹಾಗೆ ಚಿಲಿಪಿಲಿಗುಟ್ಟುತ್ತವೆ. ಹಲಗೆಯ ಕೆಳಗೆ ಮೊಳೆ ಲೋಹದ ಹಿಡಿಗೆ ಉಜ್ಜಿ ಬರುವ ಸದ್ದು ಅದು, ಕಳ್ಳ ಬಂದರೆ ಗೊತ್ತಾಗಲೆಂದು ಎನ್ನುವವರೂ ಇದ್ದಾರೆ. ಮಗ ಫೋನಿನಲ್ಲಿ ಇದನ್ನು ಹೇಳಿದ ಮೇಲೆ ಮುದುಕಿಯ ತಕರಾರು ತಿರುಗಿ ನಿಂತಿತು. ಮೊಮ್ಮಗ ರಾತ್ರಿ ಎಷ್ಟು ಗಂಟೆಗೆ ಬರುತ್ತಾನೆಂದು ತಿಳಿಯುವುದಾದರೆ ಕಿರ್ ಎನ್ನುವ ನೆಲವೇ ಇರಲಿ.

ದರದ ಚೀಟಿ ಕಂಡ ಮೇಲೆ ಕತೆಯೊಳಗೆ ಬಡಿಗೇರ ಬಂದ. ಅವನು ಅಂಗಡಿಯ ಪುಸ್ತಕ ನೋಡಲಿಲ್ಲ, ನೇರ ಹಿತ್ತಲಿಗೆ ಹೋಗಿ ತಾಡಪತ್ರಿ ಸರಿಸಿದ. ಹಳೇ ಮನೆ ಕೆಡವಿದಾಗ ಇಳಿಸಿಟ್ಟ ತೊಲೆಗಳು ಅಲ್ಲಿದ್ದವು. ಸುತ್ತಿಗೆಯಿಂದ ಒಂದೊಂದನ್ನೂ ಬಡಿದು ಸದ್ದು ಕೇಳಿ, ಸಾಗವಾನಿ ಬೇರೆ, ಬೇವು ಬೇರೆ ಎಂದು ಎತ್ತಿಟ್ಟ. ಹೊಲದ ಬದುವಿನ ಸಾಗವಾನಿ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕಡಿದ ಮೇಲೆ ಹಸಿ ಆರಲು ಕಾಯಬೇಕು. ಇವು ಅಜ್ಜನ ಕಾಲದಿಂದ ಹೊಗೆ ಕುಡಿದು ಆರಿದ ಮರ. ಬಾಗುವುದೆಲ್ಲ ಬಾಗಿ ಮುಗಿದಿದೆ.

ಲೆಕ್ಕ ಸಲೀಸು. ಒಂದು ಘನ ಅಡಿ ಮರವೆಂದರೆ ಒಂದು ಇಂಚು ದಪ್ಪದ ಹನ್ನೆರಡು ಚದರಡಿ. ಹತ್ತು ಹನ್ನೆರಡರ ಖೋಲಿಗೆ ನೂರಿಪ್ಪತ್ತು ಚದರಡಿ, ಅಂದರೆ ಹತ್ತು ಘನ ಅಡಿ. ಆರು ಎಂಟು ಇಂಚಿನ, ಹತ್ತಡಿ ಉದ್ದದ ತೊಲೆ ಮೂರು ಘನ ಅಡಿಗೆ ತುಸು ಮೇಲೆ ಬರುತ್ತದೆ. ಮೂರು ತೊಲೆಗೆ ಕೆಲಸ ಮುಗಿಯಬೇಕು. ಆದರೆ ಗರಗಸ ತಿನ್ನುವ ಪುಡಿ, ರಂದಾ ತೆಗೆಯುವ ಸಿಪ್ಪೆ, ಒರಲೆ ತಿಂದ ಹೊರಮೈ ಎಲ್ಲ ಕಳೆದು ನಾಲ್ಕೈದು ಹಿಡಿ ಎಂದ ಬಡಿಗೇರ. ಸಾ ಮಿಲ್ಲಿನವನದು ಬೇರೆಯೇ ಷರತ್ತು: ಒಂದು ಮೊಳೆ ಉಳಿದಿದ್ದರೂ ಬ್ಲೇಡಿನ ದುಡ್ಡು ಕೊಡಬೇಕು. ತೊಟ್ಟಿಲು ತೂಗಿದ ಕೊಂಡಿ, ಕಂದೀಲು ತೂಗಿದ ಮೊಳೆ, ಯಾವ ಕಾಲದ್ದೋ ಮದುವೆಯ ಹಂದರ ಕಟ್ಟಿದ ಗೂಟ, ಎಲ್ಲವನ್ನೂ ಕಿತ್ತು ಗುಡ್ಡೆ ಹಾಕಿದರು. ಮುದುಕಿ ಅದರಲ್ಲಿ ತೊಟ್ಟಿಲ ಕೊಂಡಿಯನ್ನಷ್ಟೇ ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಮಿಕ್ಕದ್ದು ಗುಜರಿಗೆ ಹೋಯಿತು.

ಪಟ್ಟಿಗಳು ಬಂದವು. ಬಂದ ಕೂಡಲೇ ಹಾಸುವ ಹಾಗಿಲ್ಲ. ಮರ ಆ ಖೋಲಿಯ ಹವೆಗೆ ಒಗ್ಗಿಕೊಳ್ಳಬೇಕು. ಗೋಡೆಯಿಂದ ಹತ್ತು ಮಿಲಿಮೀಟರ್ ಸಂದಿ ಬಿಟ್ಟು ಹಾಸುವುದೂ ಅದು ಮಳೆಗಾಲದಲ್ಲಿ ಹಿಗ್ಗಲು ಜಾಗ ಇರಲೆಂದೇ. ಬಡಿಗೇರ ನಡುವೆ ಸಣ್ಣ ರೀಪು ಕೊಟ್ಟು, ಗಾಳಿಯಾಡುವಂತೆ ಮೊಣಕಾಲೆತ್ತರಕ್ಕೆ ಪಟ್ಟಿಗಳನ್ನು ಒಟ್ಟಿ, ವಾರ ಹದಿನೈದು ದಿನ ಯಾರೂ ಮುಟ್ಟಬೇಡಿ ಎಂದು ಹೇಳಿ ಹೋದ.

ಮೊಣಕಾಲೆತ್ತರ, ಆಳುದ್ದ, ಕಿಟಕಿಯ ಪಕ್ಕ, ಸಾಗವಾನಿ. ಮೊದಲು ಯಜಮಾನರೇ ಕುಂತು ನೋಡಿದರು. ಮರುದಿನ ಅಲ್ಲಿಗೇ ಚಹಾ ಬಂತು. ನೆಲ ನೋಡಲು ಬಂದ ಮೂಡಲಗಿಯ ಬೀಗರು ಊಟವಾದ ಮೇಲೆ ತುಸು ಕಾಲು ಚಾಚಿದರು. ಮನೆಯಾಕೆ ಮೇಲೊಂದು ಕೌದಿ ಹಾಸಿದರು. ಹದಿನೈದು ದಿನ ಕಳೆದು ಸಾಮಾನು ಸಮೇತ ಬಂದ ಬಡಿಗೇರನಿಗೆ ಮುದುಕಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

‘ಆತ್ರೀ ಆಯಿ,’ ಎಂದ ಅವನು, ‘ಆದ್ರ ಇವರು ಏಳೂ ತನಕಾ ಕುಂಡ್ರಾಕ ನನಗೂ ಒಂದು ಕುರ್ಚಿ ಕೊಡ್ರಿ. ಇದ್ದ ಕಟ್ಟಿ ಮ್ಯಾಲ ಜಾಗಾ ಇಲ್ಲ.’