ಸದರಿ ಡಬ್ಬಿಯ ಹೇಳಿಕೆ

ಹಳೆಯ ಕನ್ನಡ ಚಲನಚಿತ್ರಗಳು ಟೆಂಟಿನಿಂದ ಟಾಕೀಸಿಗೆ, ಟಾಕೀಸಿನಿಂದ ದೂರದರ್ಶನಕ್ಕೆ, ಅಲ್ಲಿಂದ ಕ್ಯಾಸೆಟ್ಟು, ಸಿ.ಡಿ.ಗಳನ್ನು ಹಾದು ಕೊನೆಗೆ ಒಟಿಟಿ ಎಂದು ಕರೆಯುವ ಅಂತರ್ಜಾಲ ಪ್ರಸಾರ ವೇದಿಕೆಗಳಿಗೆ ಬಂದು ಸೇರಿದ ಮೇಲೆ, ಒಂದೇ ಚಿತ್ರವು ಒಂದು ಕಡೆ ಮಸುಕಾಗಿಯೂ ಮತ್ತೊಂದು ಕಡೆ ಬಿಳಿಚಿಕೊಂಡೂ ಮಗದೊಂದು ಕಡೆ ನಾಯಕನ ಹಣೆಯ ಮೇಲ್ಭಾಗವೇ ಇಲ್ಲದೆಯೂ ಕಾಣಿಸುವುದೇಕೆ ಎಂಬ ಪ್ರಶ್ನೆ ಪ್ರೇಕ್ಷಕರಲ್ಲಿ ಹುಟ್ಟಿದೆ. ಈ ಪ್ರಶ್ನೆಗೆ ಉತ್ತರ ಹೇಳಲು ಜಾಹೀರಾತುಗಳು ಸದಾ ಸಿದ್ಧವಾಗಿರುವುದರಿಂದ, ಎದುರು ಪಕ್ಷದ ಸಾಕ್ಷಿಯನ್ನೂ ಕೇಳುವುದು ನ್ಯಾಯ. ಆ ಸಾಕ್ಷಿಯೇ ಫಿಲಂ ಡಬ್ಬಿ, ಅಂದರೆ 35 ಮಿಲಿಮೀಟರ್ ಅಗಲದ ಫಿಲಂ ಸುರುಳಿಗಳನ್ನು ವಿತರಕರ ಕಚೇರಿಯಿಂದ ಚಿತ್ರಮಂದಿರಕ್ಕೆ ಹೊತ್ತು ತರುತ್ತಿದ್ದ ತಗಡಿನ ಪೆಟ್ಟಿಗೆ.

ಇಲ್ಲಿ ಸಂದರ್ಶನಕ್ಕೆ ಒಪ್ಪಿರುವ ಡಬ್ಬಿಯು ಕಾಲ್ಪನಿಕವಾದುದು. ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ ಕಪಿಲೆಯ ದಡದ ಊರೊಂದರ ಅಟ್ಟದ ಮೇಲೆ ಅದರ ವಾಸ. ಅದರೊಳಗಿರುವುದು ಒಂದು ಕಪ್ಪು-ಬಿಳುಪು ಚಿತ್ರದ ಐದನೆಯ ಮತ್ತು ಆರನೆಯ ರೀಲುಗಳು ಮಾತ್ರ. ಒಂದು ರೀಲೆಂದರೆ ಸುಮಾರು 1000 ಅಡಿ ಫಿಲಂ. ಅದು ನಿಮಿಷಕ್ಕೆ 90 ಅಡಿಯಂತೆ ಯಂತ್ರದಲ್ಲಿ ಓಡುವುದರಿಂದ ಡಬ್ಬಿಗೆ ತಿಳಿದಿರುವ ಕಥೆ ಒಟ್ಟು 22 ನಿಮಿಷದ್ದು. ನಾಯಕಿಗೆ ಒಂದು ಕಾಗದ ಬಂದದ್ದು ಅದಕ್ಕೆ ಗೊತ್ತು. ಕಾಗದದಲ್ಲಿ ಏನಿತ್ತೆಂಬುದು ಏಳನೆಯ ರೀಲಿಗೆ ಸೇರಿದ ವಿಷಯ. ಅಟ್ಟದಲ್ಲಿ ಹಳೆಯ ಪಹಣಿ ಪತ್ರಗಳ ಗಂಟಿನ ಪಕ್ಕದಲ್ಲೇ ಬಹುಕಾಲ ಕಳೆದದ್ದರಿಂದಲೋ ಏನೋ, ಅದು ತನ್ನನ್ನು ‘ಸದರಿ ಡಬ್ಬಿ’ ಎಂದೇ ಕರೆದುಕೊಳ್ಳುತ್ತದೆ.

ಸಂದರ್ಶಕ: ಕೆಟ್ಟ ಚಿತ್ರವನ್ನು ಜನ ಇಂದಿಗೂ ‘ಡಬ್ಬಾ ಸಿನಿಮಾ’ ಎನ್ನುತ್ತಾರೆ. ಈ ಬಗ್ಗೆ ತಮ್ಮ ಅಭಿಪ್ರಾಯವೇನು?

ಡಬ್ಬಿ: ಸದರಿ ಡಬ್ಬಿಯ ತಕರಾರು ಇದೆ, ಸ್ವಾಮಿ. ಕೆಟ್ಟ ಚಿತ್ರ ಮೂರೇ ದಿನಕ್ಕೆ ಡಬ್ಬಿ ಸೇರುತ್ತಿತ್ತು ಎಂಬುದು ನಿಜ. ಆದರೆ ಒಳ್ಳೆಯ ಚಿತ್ರವೂ ನೂರು ದಿನ ತಡವಾಗಿ ಡಬ್ಬಿಗೇ ಬರುತ್ತಿತ್ತು. 1954ರ ‘ಬೇಡರ ಕಣ್ಣಪ್ಪ’ವೂ 1972ರ ‘ಬಂಗಾರದ ಮನುಷ್ಯ’ವೂ ಊರೂರು ತಿರುಗಿದ್ದು ಡಬ್ಬಿಯಲ್ಲೇ ಹೊರತು ಪಲ್ಲಕ್ಕಿಯಲ್ಲಲ್ಲ. ಈಗಿನ ಪ್ರಸಾರದಲ್ಲಿ ಡಬ್ಬಿಯೇ ಇಲ್ಲ. ಡಬ್ಬಾ ಚಿತ್ರಗಳಿಗೇನೂ ಬರ ಬಂದಂತಿಲ್ಲ.

ಸಂದರ್ಶಕ: ಹಳೆಯ ಚಿತ್ರಗಳನ್ನು ನೋಡಲು ಯಾವ ವೇದಿಕೆ ಉತ್ತಮ? ಓದುಗರು ಇದೊಂದನ್ನು ಕೇಳಿಕೊಂಡು ಬರಲು ಹೇಳಿದ್ದಾರೆ.

ಡಬ್ಬಿ: ನಂಜನಗೂಡಿನ ಪೇಟೆಯಲ್ಲಿ ನಿಂತು ಯಾವ ಅಂಗಡಿಯ ರಸಬಾಳೆ ಒಳ್ಳೆಯದೆಂದು ಕೇಳಿದ ಹಾಗಾಯಿತು. ಅಂಗಡಿಯವನು ಹಣ್ಣು ಬೆಳೆಯುವುದಿಲ್ಲ. ಮೂರು ಅಂಗಡಿಗೂ ಒಂದೇ ತೋಟದ ಗೊನೆ ಬಂದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ವೇದಿಕೆಯೂ ಹಾಗೆಯೇ, ಹಕ್ಕುದಾರರು ಕೊಟ್ಟ ಪ್ರತಿಯನ್ನು ಹಂಚುತ್ತದೆ ಅಷ್ಟೆ. ಕೇಳಬೇಕಾದದ್ದು ಆ ಪ್ರತಿಯ ಕುಲಗೋತ್ರ. ಚಿತ್ರೀಕರಣದ ದಿನ ಕ್ಯಾಮೆರಾದೊಳಗೇ ಕೂತು ಬೆಳಕು ಕಂಡ ಫಿಲಮ್ಮಿಗೆ ಮೂಲ ನೆಗೆಟಿವ್ ಎಂದು ಹೆಸರು. ಅದರಿಂದ ಮಾಸ್ಟರ್ ಪಾಸಿಟಿವ್, ಅದರಿಂದ ಡ್ಯೂಪ್ ನೆಗೆಟಿವ್, ಅದರಿಂದ ಟಾಕೀಸಿನ ಪ್ರಿಂಟು. ಹೀಗೆ ಮಗ, ಮೊಮ್ಮಗ, ಮರಿಮಗ ಎಂದು ಸಂತಾನ ಬೆಳೆದಂತೆಲ್ಲ ಮುಖದ ಕಳೆ ಒಂದಿಷ್ಟು ಕಡಿಮೆಯಾಗುತ್ತದೆ. ಸದರಿ ಡಬ್ಬಿಯೊಳಗಿರುವವನು ಮರಿಮಗ. ಸಾಲದ್ದಕ್ಕೆ ಯಂತ್ರದ ಹಲ್ಲುಗಳಿಗೆ ಸಿಕ್ಕಿ ಮೈತುಂಬ ಗೀರು ಬಿದ್ದಿದ್ದು, ನೆಲದಲ್ಲಿ ಕೂತ ಪ್ರೇಕ್ಷಕರು ‘ಪರದೆ ಮೇಲೆ ಮಳೆ’ ಎಂದು ಕೂಗಿದ್ದು ಇವನನ್ನು ನೋಡಿಯೇ. ಇಂಥವನನ್ನು ಹಿಂದೊಮ್ಮೆ ದೂರದರ್ಶನಕ್ಕಾಗಿ ವಿಡಿಯೊ ಟೇಪಿಗೆ ಇಳಿಸಿ, ಆ ಟೇಪನ್ನೇ ಇಂದು ಅಂತರ್ಜಾಲಕ್ಕೆ ಏರಿಸಿದ್ದರೆ, ನೋಡುಗರು ತಿಂಗಳ ಚಂದಾ ಕಟ್ಟಿ ನೋಡುತ್ತಿರುವುದು ಚಿತ್ರವನ್ನಲ್ಲ, ಚಿತ್ರದ ವದಂತಿಯನ್ನು.

ಸಂದರ್ಶಕ: ಆದರೆ ಮೂಲೆಯಲ್ಲಿ ‘ಎಚ್‌ಡಿ’ ಎಂದೋ ‘4ಕೆ’ ಎಂದೋ ಮುದ್ರೆ ಇರುತ್ತದಲ್ಲ?

ಡಬ್ಬಿ: ಆ ಮುದ್ರೆ ಪಾತ್ರೆಯ ಅಳತೆಯನ್ನು ಹೇಳುತ್ತದೆಯೇ ಹೊರತು ಒಳಗಿನ ಸಾರಿನ ರುಚಿಯನ್ನಲ್ಲ. ಲೆಕ್ಕ ಸರಳವಾಗಿದೆ. ಭಾರತದ ದೂರದರ್ಶನ ಅನುಸರಿಸಿದ ಪಾಲ್ ಪದ್ಧತಿಯ ಟೇಪನ್ನು ಡಿಜಿಟಲ್ ಮಾಡಿದರೆ ಅಡ್ಡಕ್ಕೆ 720, ಉದ್ದಕ್ಕೆ 576 ಪಿಕ್ಸೆಲ್‌ಗಳು, ಅಂದರೆ ಚಿತ್ರವನ್ನು ಕಟ್ಟುವ ಚುಕ್ಕಿಗಳು, ಸಿಗುತ್ತವೆ, ಗುಣಿಸಿದರೆ 4,14,720. ಮನೆಯ 4ಕೆ ಟಿವಿಯಲ್ಲಿರುವುದು 3840 ಮತ್ತು 2160ರ ಗುಣಲಬ್ಧ, ಅಂದರೆ 82,94,400 ಚುಕ್ಕಿಗಳು. ಭಾಗಿಸಿ ನೋಡಿ, ಸರಿಯಾಗಿ ಇಪ್ಪತ್ತು ಪಟ್ಟು. ಟೇಪಿನ ಪ್ರತಿಯನ್ನು 4ಕೆಗೆ ಹಿಗ್ಗಿಸಿದರೆ ಇಪ್ಪತ್ತರಲ್ಲಿ ಒಂದು ಚುಕ್ಕಿ ಕಂಡದ್ದು, ಹತ್ತೊಂಬತ್ತು ಕಂಪ್ಯೂಟರ್ ಊಹಿಸಿದ್ದು. ಒಂದು ಪಾವು ಹಾಲಿಗೆ ಹತ್ತೊಂಬತ್ತು ಪಾವು ಕಪಿಲೆಯ ನೀರು ಬೆರೆಸಿ ಇಪ್ಪತ್ತು ಪಾವು ಹಾಲೆಂದು ಮಾರುವವನನ್ನು ಊರಿನವರು ಏನೆಂದು ಕರೆಯುತ್ತಾರೆಂಬುದನ್ನು ಇಲ್ಲಿ ದಾಖಲಿಸುವ ಅಗತ್ಯವಿಲ್ಲ.

ಸಂದರ್ಶಕ: ನಾಯಕನ ಹಣೆ ಎಲ್ಲಿ ಹೋಯಿತು?

ಡಬ್ಬಿ: ಟಿವಿಯ ಅಂಚಿನಾಚೆ ಹೋಯಿತು. ಹಳೆಯ ಚಿತ್ರಗಳ ಚೌಕಟ್ಟು ಎತ್ತರ 1 ಇದ್ದರೆ ಅಗಲ 1.37 ಇರುವಂಥದ್ದು, ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ ಬಂದದ್ದೇ 1977ರಲ್ಲಿ. ಇಂದಿನ ಟಿವಿಯ ಅಗಲ 1.78. ಹಳೆಯ ಚಿತ್ರವನ್ನು ಇದ್ದಂತೆ ತೋರಿಸಿದರೆ ಎಡಬಲದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಪಟ್ಟಿ ಕಂಡರೆ ಟಿವಿ ಕೆಟ್ಟಿದೆಯೆಂದು ಜನ ದೂರುತ್ತಾರೆಂಬ ಭಯಕ್ಕೆ ಮೇಲೊಂದಿಷ್ಟು ಕೆಳಗೊಂದಿಷ್ಟು ಕತ್ತರಿಸಿ ಪರದೆ ತುಂಬಿಸುತ್ತಾರೆ. ಹೀಗೆ ಹೋಗುವುದು ಚಿತ್ರದ ಶೇ. 23ರಷ್ಟು ಭಾಗ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಎಂದು ಐದು ತೇರು ಎಳೆಯುತ್ತಾರೆ. ಬೀದಿ ಕಿರಿದೆಂದು ಒಂದು ತೇರನ್ನು ಹೊರಡಿಸದೆ ಜಾತ್ರೆ ಮುಗಿಸಿದರೆ ಭಕ್ತರು ಸುಮ್ಮನಿರುವುದಿಲ್ಲ. ಐದರಲ್ಲೊಂದಕ್ಕಿಂತ ಹೆಚ್ಚು ಪಾಲು ಚಿತ್ರ ಹೋದರೆ ಮಾತ್ರ ಯಾರೂ ಕೇಳುವುದಿಲ್ಲ.

ಸಂದರ್ಶಕ: ಕೆಲವು ಪ್ರತಿಗಳಲ್ಲಿ ಮುಖಗಳು ಮೇಣದ ಬೊಂಬೆಯಂತೆ ನುಣ್ಣಗೆ ಕಾಣುತ್ತವೆ. ಇದು ಶುದ್ಧೀಕರಣದ ಫಲವೇ?

ಡಬ್ಬಿ: ನಂಜನಗೂಡಿನ ಹಲ್ಲುಪುಡಿ ಹಲ್ಲಿಗೆ ಒಳ್ಳೆಯದು; ಮುಖಕ್ಕೆ ಹಚ್ಚಿ ಉಜ್ಜಿದರೆ ಮೂಗು ಸವೆಯುತ್ತದೆ. ಕಪ್ಪು-ಬಿಳುಪು ಫಿಲಮ್ಮಿನ ಮೇಲಿನ ಬಿಂಬವು ಜೆಲಟಿನ್ ಲೇಪದಲ್ಲಿ ಹರಡಿದ ಬೆಳ್ಳಿಯ ಸೂಕ್ಷ್ಮ ಕಣಗಳಿಂದ ಆದದ್ದು. ಪರದೆಯ ಮೇಲೆ ಸಣ್ಣಗೆ ಮಿಡಿಯುವಂತೆ ತೋರುವ ಈ ಕಣವಿನ್ಯಾಸಕ್ಕೆ ಗ್ರೇನ್ ಎನ್ನುತ್ತಾರೆ. ಧೂಳು, ಗೀರು, ಕಲೆಗಳು ಚಿತ್ರದ ಮೇಲೆ ಕೂತವು, ಕಣಗಳೇ ಚಿತ್ರ. ಇದನ್ನು ತಿಳಿಯಲು ತಿ. ನರಸೀಪುರ ತಾಲ್ಲೂಕಿನ ತಲಕಾಡಿಗೆ ಹೋದರೆ ಸಾಕು. ಪಂಚಲಿಂಗ ದರ್ಶನದ ಕಾಲಕ್ಕೆ ಅಲ್ಲಿ ಗುಡಿಗಳ ಮೇಲೆ ಕವಿದ ಮರಳನ್ನು ತೆಗೆಯುತ್ತಾರೆ, ಅದು ಜೀರ್ಣೋದ್ಧಾರ. ಮರಳು ಮರಳೇ ಅಲ್ಲವೆ ಎಂದುಕೊಂಡು ಗೋಡೆಯ ಗಾರೆಯೊಳಗೆ ಬೆರೆತ ಮರಳನ್ನೂ ಕೆರೆದು ತೆಗೆದರೆ ದರ್ಶನಕ್ಕೆ ಗುಡಿಯೇ ಇರುವುದಿಲ್ಲ. ಶುದ್ಧೀಕರಣದ ತಂತ್ರಾಂಶಕ್ಕೆ ಈ ಎರಡು ಮರಳಿನ ವ್ಯತ್ಯಾಸ ತಿಳಿಯದು, ನಡೆಸುವವರಿಗೆ ತಿಳಿದಿರಬೇಕು.

ಸಂದರ್ಶಕ: ವೇದಿಕೆಗಳಿಗೂ ಈ ಕಣಗಳ ಮೇಲೆ ಮುನಿಸಿದೆಯೆ?

ಡಬ್ಬಿ: ಮುನಿಸಿಗೆ ಕಾರಣ ಸಾಗಣೆಯ ಖರ್ಚು. ಚಿತ್ರವನ್ನು ತಂತಿಯ ಮೂಲಕ ಕಳುಹಿಸುವಾಗ ಸಂಕೋಚನ ಮಾಡುತ್ತಾರೆ, ಅಂದರೆ ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಬದಲಾಗದೆ ಉಳಿದ ಭಾಗವನ್ನು ಮತ್ತೆ ಕಳುಹಿಸದೆ ಮಿತವ್ಯಯ ಸಾಧಿಸುತ್ತಾರೆ. ಕಣಗಳಾದರೋ ಸೆಕೆಂಡಿಗೆ 24 ಬಾರಿ, ಪ್ರತಿ ಚೌಕಟ್ಟಿನಲ್ಲೂ, ಬೇರೆ ಬೇರೆ ಜಾಗದಲ್ಲಿರುತ್ತವೆ. ಮಿತವ್ಯಯಕ್ಕೆ ಅವು ಬಗ್ಗುವುದಿಲ್ಲ. ಸೆಕೆಂಡಿಗೆ ಇಷ್ಟು ದತ್ತಾಂಶ ಎಂಬ ಲೆಕ್ಕಕ್ಕೆ ಬಿಟ್‌ರೇಟ್ ಎನ್ನುತ್ತಾರೆ. ಬ್ಲೂ-ರೇ ತಟ್ಟೆಯಲ್ಲಿ ಚಿತ್ರಕ್ಕೆ 40 ಮೆಗಾಬಿಟ್‌ವರೆಗೆ ಅವಕಾಶವಿದ್ದರೆ, ಎಚ್‌ಡಿ ಪ್ರಸಾರಕ್ಕೆ 5 ಮೆಗಾಬಿಟ್‌ನ ಸಂಪರ್ಕ ಸಾಕೆಂದು ವೇದಿಕೆಗಳೇ ಹೇಳುತ್ತವೆ. ಅಷ್ಟರಲ್ಲಿ ಮೊದಲು ಬಲಿಯಾಗುವುದು ಕಣ. ಈಗ ಎವಿ1 ಎಂಬ ಸಂಕೋಚನ ವಿಧಾನದಲ್ಲಿ ಇನ್ನೂ ಸೊಗಸಾದ ಏರ್ಪಾಡಿದೆ: ಹೊರಡುವ ಮುಂಚೆ ಕಣಗಳನ್ನು ಸೋಸಿ ತೆಗೆದು, ಅವುಗಳ ವಿವರವನ್ನಷ್ಟೇ ಚೀಟಿ ಬರೆದು ಕಳುಹಿಸಿ, ಮನೆಯ ಟಿವಿಯಲ್ಲಿ ಅದೇ ಬಗೆಯ ಕೃತಕ ಕಣಗಳನ್ನು ಬೆರೆಸುವುದು. ತಿ. ನರಸೀಪುರದಂಥ ಸಂಗಮದ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಳೆಯ ಮರಳಿನ ಬದಲು ಎಂ-ಸ್ಯಾಂಡ್. ಮನೆ ನಿಲ್ಲುತ್ತದೆ, ಆದರೆ ಹೊಳೆ ಮರಳಿನ ಮನೆ ಎಂದು ಹೇಳಿ ಮಾರಬಾರದು.

ಸಂದರ್ಶಕ: ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುವುದರ ಬಗ್ಗೆ?

ಡಬ್ಬಿ: 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಉಟ್ಟು ಮತ್ತೆ ಟಾಕೀಸಿಗೆ ಬಂದವು, ಜನ ಮತ್ತೆ ಬಂದು ನೋಡಿದರು, ಅದು ಸಂತೋಷದ ವಿಷಯವೇ. ಹಬ್ಬಕ್ಕೆ ಉಡಿಸಿದ ಸೀರೆಯ ಬಗ್ಗೆ ಆಕ್ಷೇಪವಿಲ್ಲ. ಮೂಲಮೂರ್ತಿಗೂ ಅದೇ ಬಣ್ಣವೆಂದು ಮುಂದಿನ ತಲೆಮಾರು ನಂಬುವಂತೆ, ಕಪ್ಪು-ಬಿಳುಪಿನ ಪ್ರತಿಯನ್ನು ಮೂಲೆಗೆ ತಳ್ಳಿದರೆ ಆಕ್ಷೇಪವಿದೆ.

ಸಂದರ್ಶಕ: ಹಾಗಾದರೆ ಸರಿಯಾಗಿ ನಡೆದ ಕೆಲಸ ಯಾವುದು?

ಡಬ್ಬಿ: ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. 1964ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಸಹಯೋಗದಲ್ಲಿ ಮುಂಬಯಿಯ ಫಿಲಂ ಹೆರಿಟೇಜ್ ಫೌಂಡೇಶನ್ನೂ ಅಮೆರಿಕದ ಚಿತ್ರನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಫಿಲಂ ಫೌಂಡೇಶನ್ನಿನ ವಿಶ್ವ ಸಿನಿಮಾ ಯೋಜನೆಯೂ ಸೇರಿ, ಇಟಲಿಯ ಪ್ರಯೋಗಾಲಯವೊಂದರಲ್ಲಿ, ಕಾಸರವಳ್ಳಿಯವರನ್ನೇ ಜೊತೆಗಿಟ್ಟುಕೊಂಡು ಅದನ್ನು ಪುನರುಜ್ಜೀವನಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಗುಟ್ಟು ಇಷ್ಟೆ: ಯಾರೋ ನೆಗೆಟಿವನ್ನು ಬಿಸಾಡದೆ ಇಟ್ಟಿದ್ದರು. ಆದ್ದರಿಂದ ಎರಡು ವೇದಿಕೆಗಳ ಬಿಂಬವನ್ನು ಹೋಲಿಸುವವರು ವಾಸ್ತವವಾಗಿ ಹೋಲಿಸುತ್ತಿರುವುದು ಎರಡು ಅಟ್ಟಗಳನ್ನು.

ಸಂದರ್ಶಕ: ಪ್ರಯೋಗಾಲಯವಿಲ್ಲದ ಸಾಮಾನ್ಯ ಪ್ರೇಕ್ಷಕ ಪ್ರತಿಯನ್ನು ಪರೀಕ್ಷಿಸುವುದು ಹೇಗೆ?

ಡಬ್ಬಿ: ಓಡುವ ಕುದುರೆಯ ಅಂಚು ಬಾಚಣಿಗೆಯ ಹಲ್ಲಿನಂತೆ ಕಂಡರೆ ಅದು ಟೇಪಿನ ಸಂತಾನ. ಶೀರ್ಷಿಕೆಯ ಅಕ್ಷರಗಳ ತಲೆಕಟ್ಟು ಹಾರಿದ್ದರೆ ಕತ್ತರಿ ಬಿದ್ದಿದೆ. ಮೂರನೆಯದಕ್ಕೆ ಪೆನ್ಸಿಲ್ ಬೇಕು. ಚಿತ್ರದ ಆರಂಭದಲ್ಲಿ ಸೆನ್ಸಾರ್ ಪ್ರಮಾಣಪತ್ರ ಉಳಿದಿದ್ದರೆ ಅಲ್ಲಿ ನಿಲ್ಲಿಸಿ, ಉದ್ದ ಎಷ್ಟು ಮೀಟರ್ ಎಂಬುದನ್ನು ಬರೆದುಕೊಂಡು 27.43ರಿಂದ ಭಾಗಿಸಬೇಕು, ನಿಮಿಷಕ್ಕೆ 90 ಅಡಿ ಎಂದರೆ ಅಷ್ಟೇ ಮೀಟರ್. 4115 ಮೀಟರಿನ ಚಿತ್ರ 150 ನಿಮಿಷ ಓಡಬೇಕು. ಪರದೆಯ ಗಡಿಯಾರ 144 ತೋರಿಸಿದರೆ, ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಪಾಲ್ ಟೇಪಿನ 25ಕ್ಕೆ ಓಡಿಸಿದ್ದಾರೆಂದೂ ಗಾಯಕರ ಶ್ರುತಿ ಅದಕ್ಕೇ ಒಂದಿಷ್ಟು ಏರಿದೆಯೆಂದೂ ತಿಳಿಯಬಹುದು. 120 ತೋರಿಸಿದರೆ ಹಾಡುಗಳನ್ನೋ ನರಸಿಂಹರಾಜು ಅವರ ಹಾಸ್ಯವನ್ನೋ ಯಾರೋ ನುಂಗಿದ್ದಾರೆ.

(ಇಲ್ಲಿ ಡಬ್ಬಿಯ ಮುಚ್ಚಳ ತುಸು ಸಡಿಲಗೊಂಡು ಕಟುವಾದ ಹುಳಿ ವಾಸನೆ ಹೊರಬಂದುದರಿಂದ ಸಂದರ್ಶನ ಕೆಲಕ್ಷಣ ನಿಂತಿತು.)

ಸಂದರ್ಶಕ: ತಮ್ಮ ಆರೋಗ್ಯ?

ಡಬ್ಬಿ: ಹೊಟ್ಟೆಯಲ್ಲಿ ನಂಜು. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲಂ ಬೆಂಕಿಗೆ ಹೆದರಬೇಕಿತ್ತು. ಅದರ ನಂತರದ ಅಸಿಟೇಟ್ ಫಿಲಂ ಸೆಕೆಗೂ ತೇವಕ್ಕೂ ಹೆದರಬೇಕು. ಹೊಳೆದಂಡೆಯಲ್ಲಿ ಎರಡಕ್ಕೂ ಕೊರತೆಯಿಲ್ಲ. ಅಸಿಟೇಟ್ ಕೊಳೆಯುವಾಗ ವಿನೆಗರಿನಲ್ಲಿರುವ ಆಮ್ಲವೇ ಹುಟ್ಟಿ, ಆ ಆಮ್ಲವೇ ಕೊಳೆಯುವುದನ್ನು ಇನ್ನಷ್ಟು ಬೇಗ ಮಾಡಿ, ಪಕ್ಕದ ಡಬ್ಬಿಗೂ ಅಂಟುತ್ತದೆ. ಇದಕ್ಕೆ ವಿನೆಗರ್ ಸಿಂಡ್ರೋಮ್ ಎಂದು ಹೆಸರು. ನಂಜುಂಡನು ವಿಷವನ್ನು ಕಂಠದಲ್ಲೇ ತಡೆದ; ಸದರಿ ಡಬ್ಬಿಗೆ ಆ ಶಕ್ತಿಯಿಲ್ಲ. ತಂಪಾದ, ಒಣಗಿದ, ಗಾಳಿಯಾಡುವ ಜಾಗ ಕೊಟ್ಟರೆ ಒಂದಿಷ್ಟು ಕಾಲ ತಳ್ಳಬಹುದು. ಗುಜರಿಯವನಿಗೆ ತಗಡಿನ ತೂಕದ ಲೆಕ್ಕದಲ್ಲಿ ಕೊಟ್ಟರೆ, ಬೆಳ್ಳಿಗಾಗಿ ಫಿಲಂ ತೊಳೆಸಿಕೊಂಡ ನೆಂಟರ ದಾರಿಯೇ ಇದರದ್ದೂ.

ಸಂದರ್ಶಕ: ಕೊನೆಯದಾಗಿ ಏನಾದರೂ ಹೇಳುವುದಿದೆಯೆ?

ಡಬ್ಬಿ: ಹೇಳುವುದಲ್ಲ, ಕೇಳುವುದಿದೆ. ಇಷ್ಟು ವೇದಿಕೆಗಳಿವೆಯಲ್ಲ, ಯಾವುದರಲ್ಲಾದರೂ ಏಳನೆಯ ರೀಲು ಉಂಟೇ? ಮಸುಕಾಗಿದ್ದರೂ ಸರಿ, ಹಣೆ ಇಲ್ಲದಿದ್ದರೂ ಸರಿ, ಆ ಕಾಗದದಲ್ಲಿ ಏನಿತ್ತೆಂದು ತಿಳಿದರೆ ಸಾಕು.

ಹುಡುಕಿದಾಗ ಆ ಚಿತ್ರ ಯಾವ ವೇದಿಕೆಯಲ್ಲೂ ಸಿಗಲಿಲ್ಲವೆಂದು ಸಂದರ್ಶಕರು ಡಬ್ಬಿಗೆ ತಿಳಿಸಲಿಲ್ಲ. ಡಬ್ಬಿ ಕಾಲ್ಪನಿಕವಾದರೂ ಅದರ ಅಳಲು ಕಾಲ್ಪನಿಕವಲ್ಲ. ಬಿಂಬದ ಗುಣವನ್ನು ಹೋಲಿಸಬೇಕಾದರೆ ಮೊದಲು ಬಿಂಬ ಉಳಿದಿರಬೇಕು. ಕನ್ನಡದ ಮೊದಲ ವಾಕ್ಚಿತ್ರವಾದ, 1934ರ ಮಾರ್ಚಿ 3ರಂದು ಬಿಡುಗಡೆಯಾದ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ.